ಎಲ್ಲದಕ್ಕೂ 'ಓಪನ್' ಅನ್ನುವ ಚೀನೀ ಗೆಳತಿಗೆ ಹೇಗೆ ಕಲಿಸಲಿ? ಅನುಭವ ಇದ್ದವರು ಹೇಳಿ

ಸಿಂಗಾಪುರದಿಂದ, ಪ್ರಶ್ನೆ ಕೇಳಿದವರು:
ನಮ್ಮ ಪಕ್ಕದ ಮನೆಯವರು ಚೆಂಗ್ಡು ಕಡೆಯವರು. ಮುಂದಿನ ತಿಂಗಳು ಕ್ಲಿನಿಕ್ ಒಂದರಲ್ಲಿ ರಿಸೆಪ್ಶನ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಎಲ್ಲದಕ್ಕೂ 'ಓಪನ್'. ಓಪನ್ ದ ಲೈಟ್. ಓಪನ್ ದ ಕಾರ್. ಮೊನ್ನೆ 'ಡಾಕ್ಟರ್ ಓಪನ್ ಮೆಡಿಸಿನ್ ಫಾರ್ ಮೈ ಸನ್' ಅಂದರು. ಡಾಕ್ಟರ್ ಔಷಧಿ ಬರೆದುಕೊಟ್ಟರು ಅಂತ ಅರ್ಥ. ಇಲ್ಲಿನ ಅಂಗಡಿಗಳಲ್ಲೂ 'ಓಪನ್ ದ ಲೈಟ್' ಕೇಳಿಸುತ್ತದೆ, ಹಾಗಾಗಿ ತಪ್ಪು ಅಂತಲೇ ಅವರಿಗೆ ಅನಿಸುವುದಿಲ್ಲ. ಮನಸ್ಸು ನೋಯಿಸದೆ ಹೇಗೆ ತಿದ್ದಲಿ?

ಮೈಸೂರಿನಿಂದ, ಮೊದಲು ಆನ್‌ಲೈನ್ ಟೀಚರ್:
ಚೀನೀ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಇದರ ಜೊತೆ ಎರಡು ವರ್ಷ ಹೆಣಗಿದ್ದೇನೆ. ಅವರ 'ಖಾಯ್' ಅನ್ನುವ ಮಾತು ಬಾಗಿಲಿಗೂ ಆಗುತ್ತದೆ, ಲೈಟಿಗೂ ಆಗುತ್ತದೆ. ಕಾರು ಓಡಿಸುವುದು, ಮೀಟಿಂಗ್ ಮಾಡುವುದು, ಹೂವು ಅರಳುವುದು ಎಲ್ಲಾ 'ಖಾಯ್'. ಕುದಿಸಿದ ನೀರಿಗೂ 'ಖಾಯ್ ಶ್ವೇ'. ನಾನು 64 ಕಾರ್ಡ್ ಮಾಡಿಸಿದೆ. ಕಲರ್ ಪ್ರಿಂಟ್ 10, ಲ್ಯಾಮಿನೇಷನ್ 15, ಒಟ್ಟು 1,600 ರೂಪಾಯಿ. ಮುಚ್ಚಳ, ಬಾಗಿಲು ಇರುವುದಕ್ಕೆ ಹಸಿರು ಅಂಚು: ಓಪನ್. ಸ್ವಿಚ್ ಇರುವುದಕ್ಕೆ ಹಳದಿ: ಟರ್ನ್ ಆನ್. ಸ್ಟೇರಿಂಗ್ ಇರುವುದಕ್ಕೆ ನೀಲಿ: ಡ್ರೈವ್. ಎಂಟು ವರ್ಷದ ಹುಡುಗಿ ಒಬ್ಬಳು ಲ್ಯಾಪ್‌ಟಾಪ್ ಕಾರ್ಡ್ ಬಂದಾಗ ತನ್ನದೇ ಲ್ಯಾಪ್‌ಟಾಪನ್ನು ಕ್ಯಾಮೆರಾ ಮುಂದೆ ಹಿಡಿದಳು. ಮುಚ್ಚಳ ಮೆಲ್ಲಗೆ ಎತ್ತಿ 'ಓಪನ್?' ಅಂದಳು. ಬಟನ್ ಮೇಲೆ ಬೆರಳಿಟ್ಟು 'ಟರ್ನ್ ಆನ್?' ಅಂದಳು. ಆ ಒಂದು ಕಾರ್ಡಿಗೆ ಎರಡು ಬಣ್ಣದ ಅಂಚು ಹಾಕಿದೆ.

2021ರ ಜುಲೈನಲ್ಲಿ ಚೀನಾ ಸರ್ಕಾರ, ಹೊರದೇಶದಲ್ಲಿ ಕೂತು ಅಲ್ಲಿನ ಮಕ್ಕಳಿಗೆ ಟ್ಯೂಷನ್ ಕೊಡುವುದನ್ನೇ ನಿಲ್ಲಿಸಿತು. ನನ್ನ 11 ಮಕ್ಕಳೂ ಹೋದರು. ಟೆಫ್ಲ್ ಅಂತ, ಇಂಗ್ಲಿಷ್ ಕಲಿಸುವವರಿಗೆ ಇರುವ 120 ಗಂಟೆಯ ಕೋರ್ಸಿಗೆ 17,500 ಕಟ್ಟಿದ್ದೆ. ಹೆಡ್‌ಸೆಟ್ 4,200. ಕರೆಂಟ್ ಹೋಗುತ್ತದೆ ಅಂತ ಇನ್ವರ್ಟರ್ ಬ್ಯಾಟರಿ 14,000. ಕೊನೆಯ ತಿಂಗಳ ದುಡ್ಡು ಇವತ್ತಿಗೂ ಬಂದಿಲ್ಲ. ಕಾರ್ಡುಗಳು ಅಟ್ಟದ ಮೇಲಿವೆ. ಬೇಕಿದ್ದರೆ ಕಳಿಸುತ್ತೇನೆ.

ಶೆನ್‌ಝೆನ್‌ನಿಂದ (ಚೀನಾ), ಎಲೆಕ್ಟ್ರಿಕಲ್ ಇಂಜಿನಿಯರ್:
ಕಾರ್ಡಿನಿಂದ ಆಗುವ ಕೆಲಸ ಅಲ್ಲ ಇದು. ನನಗೆ ಸಹೋದ್ಯೋಗಿ ಮೆಸೇಜ್ ಹಾಕಿದ: 'ಪ್ಲೀಸ್ ಓಪನ್ ದ ಬ್ರೇಕರ್, ಲೈನ್ ತ್ರೀ.' ನಮ್ಮ ಕೆಲಸದಲ್ಲಿ ಬ್ರೇಕರ್ ಓಪನ್ ಅಂದರೆ ಕರೆಂಟ್ ಕಟ್. ಓಪನ್ ಸರ್ಕ್ಯೂಟ್ ಅಲ್ವಾ? ಕಟ್ ಮಾಡಿದೆ. ಅವನಿಗೆ ಬೇಕಿದ್ದದ್ದು ಆನ್; ಲೈನ್ ಆಗಲೇ ಆನ್ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅದರಲ್ಲಿ ಬೇರೆ ಟೆಸ್ಟ್ ನಡೆಯುತ್ತಿತ್ತು, ಅದು 43 ನಿಮಿಷ ನಿಂತಿತು. ರಿಪೋರ್ಟಿನಲ್ಲಿ ಬಂದದ್ದು ನನ್ನ ಹೆಸರು. ಆವತ್ತಿಂದ ನಾನೇ ಚೀನೀ ಕಲಿತೆ. ನೀವೂ ಕಲಿಯಿರಿ. ಕನ್ನಡದವರಿಗೆ ಸುಲಭ: 'ಖಾಯ್'ನಲ್ಲಿ ಇರುವುದು ನಮ್ಮ ಖ.

ಹುಬ್ಬಳ್ಳಿಯಿಂದ, ಸ್ಪೋಕನ್ ಇಂಗ್ಲಿಷ್ ಟೀಚರ್:
ಕ್ಲಿನಿಕ್ಕಿನಲ್ಲಿ ಕೂರುವವರಿಗೆ ಬ್ರೇಕರ್ ಯಾಕೆ? ನಮ್ಮ ಕಡೆ 'ಲೈಟ್ ಬಂದ್ ಮಾಡು' ಅನ್ನುತ್ತೇವೆ, ಅದಕ್ಕೇ ನನ್ನ ಹುಡುಗರು 'ಕ್ಲೋಸ್ ದ ಲೈಟ್' ಅನ್ನುತ್ತಿದ್ದರು. 22 ವರ್ಷದಿಂದ ಪೂರ್ತಿ ವಾಕ್ಯವನ್ನೇ ಬಾಯಿಪಾಠ ಮಾಡಿಸುತ್ತೇನೆ. ಬಣ್ಣ ಹಾಕಿ ಗುಂಪು ಮಾಡಿದರೆ ತಲೆ ಕೆಡುತ್ತದೆ, ಅಷ್ಟೇ. ಮೈಸೂರಿನವರು ಮೊದಲು ತಮ್ಮ 'ಪುಟ್ ದ ಫ್ಯಾನ್' ಬಿಡಲಿ.

ಮೈಸೂರಿನಿಂದ:
'ಫ್ಯಾನ್ ಹಾಕು' ನಮ್ಮ ಮನೆಯ ಮಾತು. ಕ್ಲಾಸಿನಲ್ಲಿ ನಾನು ಒಂದು ದಿನವೂ 'ಪುಟ್' ಅಂದಿಲ್ಲ. ನೀವು ಚೀನೀ ಮಗುವಿಗೆ ಒಂದು ಗಂಟೆ ಪಾಠ ಮಾಡಿದ್ದೀರಾ? 'ಬಾಗಿಲು ತೆಗಿ' ಅಂದಾಗ ಯಾರೂ ಬಾಗಿಲು ಕಿತ್ತು ತೆಗೆಯುವುದಿಲ್ಲ. ನಮಗೂ ಒಂದೇ ಮಾತಿಗೆ ನಾಲ್ಕು ಅರ್ಥ ಇದೆ. ಅದನ್ನು ಬಿಡಿಸಿ ತೋರಿಸದೆ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಶೆನ್‌ಝೆನ್‌ನಿಂದ:
ಬ್ರೇಕರ್ ಯಾಕೆ ಅಂತ ಕೇಳಿದಿರಿ. ಆವತ್ತು ಪ್ಯಾನೆಲ್ ಒಳಗೆ ಯಾರದ್ದಾದರೂ ಕೈ ಇದ್ದು, ನಾನು ಆನ್ ಮಾಡಿದ್ದರೆ? ಹಗುರವಾಗಿ ಮಾತಾಡಬೇಡಿ.

ಸಿಂಗಾಪುರದಿಂದ:
ದಯವಿಟ್ಟು ಜಗಳ ಬೇಡ. ಹಸಿರು, ಹಳದಿ ಚೀಟಿ ಬರೆದು ಅವರ ಅಡುಗೆಮನೆಯಲ್ಲಿ ಅಂಟಿಸಿದೆ. 'ದ ಡಾಕ್ಟರ್ ಪ್ರಿಸ್ಕ್ರೈಬ್ಡ್' ಈಗ ಸರಿಯಾಗಿ ಬರುತ್ತಿದೆ. ಆದರೆ ನಿನ್ನೆ ಬ್ಯಾಂಕಿಗೆ ಹೋಗಿ 'ಐ ವಾಂಟ್ ಟು ಟರ್ನ್ ಆನ್ ಆ್ಯನ್ ಅಕೌಂಟ್' ಅಂದರಂತೆ. ಅಕೌಂಟಿಗೆ ಅವರ ಭಾಷೆಯಲ್ಲೂ 'ಖಾಯ್', ಇಂಗ್ಲಿಷಿನಲ್ಲೂ 'ಓಪನ್'. ಇದ್ದ ಸರಿಯನ್ನು ನಾನೇ ಕೆಡಿಸಿದೆನಾ? ಈಗ ಓಪನ್ ಅನ್ನಲು ಹೆದರುತ್ತಾರೆ.

ಹುಬ್ಬಳ್ಳಿಯಿಂದ:
ಚೀಟಿ ಇವತ್ತೇ ಕಿತ್ತುಹಾಕಿ. ಕ್ಲಿನಿಕ್ಕಿನಲ್ಲಿ ದಿನಾ ಬೇಕಾಗುವ ಇಪ್ಪತ್ತು ವಾಕ್ಯ ಬರೆದುಕೊಡಿ. ಮೊದಲನೇದು: 'ವಿ ಓಪನ್ ಅಟ್ ನೈನ್.'

ಮೈಸೂರಿನಿಂದ:
ಕೀಳಬೇಡಿ. ಅಕೌಂಟಿನ ಚೀಟಿ ಒಂದು ಸೇರಿಸಿ, ಹಸಿರು.