ಜಂಪ್ ರೇಸಿನ ಸಾಮಾನ್ಯ ಜಾಕಿಯ ಹೊಟ್ಟೆಪಾಡು ಹೇಗೆ?

ತೋಟದಮನೆ, ಶಿರಸಿ:
ಊರಿನ ಹುಡುಗನೊಬ್ಬನಿಗೆ ಕುದುರೆ ಲಾಯದ ಕೆಲಸ ಗೊತ್ತು. ತೂಕ 61 ಕಿಲೋ. ಬೇಲಿ ಇಲ್ಲದ ಫ್ಲಾಟ್ ರೇಸಿಗೆ ಭಾರ ಜಾಸ್ತಿ, ಕುದುರೆ ಬೇಲಿ ಹಾರೋ ಇಂಗ್ಲೆಂಡಿನ ಜಂಪ್ ರೇಸಿಗೆ ಹೋಗ್ತೀನಿ ಅಂತಾನೆ. ಚಾಂಪಿಯನ್ ಜಾಕಿ ಮೆಕಾಯ್ ಥರದವರ ಕಥೆ ಬೇಡ. ಮಧ್ಯದಲ್ಲಿರೋ ಜಾಕಿಯ ಬದುಕು ಹೇಗೆ ನಡೆಯುತ್ತೆ?

ಕಾಳಿಸೇತುವೆ, ಕಾರವಾರ:
ತೂಕ ತೊಂದರೆ ಅಲ್ಲ. ಬ್ರಿಟನ್ ಜಂಪ್ ರೇಸಿನಲ್ಲಿ ಕುದುರೆ ಹೊರೋ ಕನಿಷ್ಠ ಭಾರ 10 ಸ್ಟೋನ್ 2 ಪೌಂಡ್, ಅಂದರೆ ಸುಮಾರು 64.4 ಕಿಲೋ, ಜೀನು ಸೇರಿ. ಫ್ಲಾಟಿನಲ್ಲಿ ಅದು 52ರ ಹತ್ತಿರ.

ನಿಮ್ಮ ಕಡೆ ಅಡಿಕೆ ಕೊನೆ ಇಳಿಸೋ ಕೊನೆಗೌಡನನ್ನು ನೆನಸಿಕೊಳ್ಳಿ. ಹತ್ತು ತೋಟದವರು ಕರೀತಾರೆ, ಮರ ಹತ್ತಿದ ದಿನಕ್ಕಷ್ಟೇ ಕೂಲಿ. ಜಾಕಿಗೂ ಹಾಗೇ: ಗೆದ್ದರೂ ಬಿದ್ದರೂ ಪ್ರತಿ ಸವಾರಿಗೆ ಒಂದೇ ಫೀಸು, ಬಹುಮಾನದ ಪಾಲು ಬೇರೆ. ಅದರಲ್ಲೇ ಸವಾರಿ ಹುಡುಕಿಕೊಡೋ ಏಜೆಂಟ್, ಜೀನು-ಬಟ್ಟೆ ನೋಡಿಕೊಳ್ಳೋ ವ್ಯಾಲೆಟ್, ಪೆಟ್ರೋಲಿನ ಖರ್ಚು. ಹೆಕ್ಸಮ್, ಸೆಜ್‌ಫೀಲ್ಡ್, ಸ್ಕಾಟ್ಲೆಂಡಿನ ಪರ್ತ್‌ನಂಥ ಊರುಗಳಿಗೆ ಒಂದೇ ಸವಾರಿಗಾಗಿ ಇಡೀ ದಿನ ಕಾರು ಓಡಿಸಬೇಕಾಗುತ್ತೆ.

ಕಷ್ಟ ಶುರುವಾಗೋದು ರಿಯಾಯಿತಿ ಮುಗಿದಾಗ. ಕಲಿಕೆಯ ಜಾಕಿ, ಅಂದರೆ ಕಂಡೀಷನಲ್, 20 ಗೆಲುವಿನ ತನಕ ಕುದುರೆ ಮೇಲಿನ ಭಾರದಿಂದ 7 ಪೌಂಡ್ ಇಳಿಸ್ತಾನೆ. 40ರ ತನಕ 5, 75ರ ತನಕ 3. ಟ್ರೇನರ್ ಕರೆಯೋದು ಆ ಪೌಂಡಿಗೇ. 75 ದಾಟಿದ ಮರುದಿನ ಅವನು ದೊಡ್ಡ ಜಾಕಿಗಳ ಜೊತೆ ಸರಿಸಮ ಭಾರದಲ್ಲಿ ನಿಲ್ಲಬೇಕು. ಅಲ್ಲಿಗೇ ಎಷ್ಟೋ ಜನರ ಫೋನು ಮೌನ.

ಅಘನಾಶಿನಿ, ಕುಮಟಾ:
ಮೇಲಿನದು ಸರಿ. ಬೀಳೋದರ ಬಗ್ಗೆ ಸೇರಿಸ್ತೀನಿ, ಅದೇ ಮುಖ್ಯ.

ಹರ್ಡಲ್ ಅನ್ನೋ ಹಗುರ ಬೇಲಿ ಕನಿಷ್ಠ ಮೂರೂವರೆ ಅಡಿ, ತಗುಲಿದರೆ ಬಾಗುತ್ತೆ. ಚೇಸ್ ಅನ್ನೋ ರೇಸಿನ ಗಟ್ಟಿ ಬೇಲಿ ಕನಿಷ್ಠ ನಾಲ್ಕೂವರೆ ಅಡಿ, ಕುದುರೆ ಎದೆ ಕೊಟ್ಟರೆ ಬಗ್ಗಲ್ಲ. ಕುದುರೆ ಬೇಲಿಗೆ ತೀರಾ ಹತ್ತಿರ ಬಂದು ಹಾರಿದರೆ ಇಳಿಯುವಾಗ ಮೂಗು ನೆಲಕ್ಕೆ ಮುಗ್ಗರಿಸುತ್ತೆ. ಆಗ ಜಾಕಿ ಹಿಂದಕ್ಕೆ ವಾಲಿ, ಬೆರಳು ಸಡಿಲಿಸಿ ಲಗಾಮು ಜಾರಲು ಬಿಡಬೇಕು. ಕುದುರೆ ಕತ್ತು ಚಾಚಿ ಸಾವರಿಸಿಕೊಳ್ಳುತ್ತೆ. ಬಿಗಿಹಿಡಿದರೆ ಅದರ ಕತ್ತಿನ ಜೊತೆ ಇವನೂ ಮುಂದಕ್ಕೆ ಹೋಗ್ತಾನೆ. ಆಮೇಲೆ ಎರಡು ಹೆಜ್ಜೆಯೊಳಗೆ ಲಗಾಮು ಮತ್ತೆ ಕೂಡಿಸಿಕೊಳ್ಳಬೇಕು. ಕಲಿಸಲು ವರ್ಷ ಹಿಡಿಯೋ ಕೆಲಸ ಇದು.

ಬಿದ್ದರೆ ಕೈ ಚಾಚಬಾರದು. ಕಾಲರ್‌ಬೋನ್ ಮುರಿಯೋದು ಹೆಚ್ಚಾಗಿ ಹಾಗೇ. ಮುದುಡಿ, ಉಳಿದ ಕುದುರೆಗಳು ದಾಟೋ ತನಕ ಅಲ್ಲಾಡದೆ ಇರಬೇಕು. ತಲೆಗೆ ಪೆಟ್ಟು ಬಿದ್ದರೆ ಡಾಕ್ಟರು ಬಿಡೋ ತನಕ ಸವಾರಿ ಇಲ್ಲ, ಫೀಸೂ ಇಲ್ಲ. ಪೆಟ್ಟಾದವರಿಗೆ 1964ರಲ್ಲಿ ಶುರುವಾದ ಇಂಜರ್ಡ್ ಜಾಕೀಸ್ ಫಂಡ್ ಆಸರೆ. ಲ್ಯಾಂಬೋರ್ನ್‌ನ ಫಂಡಿನ ಕೇಂದ್ರ ಓಕ್ಸಿ ಹೌಸ್‌ನಲ್ಲಿ ವ್ಯಾಯಾಮ ಚಿಕಿತ್ಸೆ ಕೊಡ್ತಾರೆ.

ತೋಟದಮನೆ, ಶಿರಸಿ:
ರಿಯಾಯಿತಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಮೊದಲು ಲಾಯದ ಕೆಲಸ ಹಿಡಿದು ಬೆಳಗಿನ ಸವಾರಿಯಲ್ಲಿ ಬೇಲಿ ಹಾರಿಸಿ ಕಲಿತರೆ ಆಗುತ್ತಾ?

ಕಾಳಿಸೇತುವೆ, ಕಾರವಾರ:
ಆಗುತ್ತೆ, ದಾರಿ ಅದೇ. ಆದರೆ ಸವಾರಿ ಕೊಡೋ ಚಿಕ್ಕ ಲಾಯ ನೋಡಿಕೊಳ್ಳಲಿ. ದೊಡ್ಡ ಲಾಯದಲ್ಲಿ ಸರತಿ ಉದ್ದ.