ಡಿಗ್ರಿ ಮುಗಿಯಲು ಇನ್ನೆರಡು ಸೆಮಿಸ್ಟರ್, ಮುಂದೇನು ಸರ್?

ಅಂಕೋಲಾದ ವಿದ್ಯಾರ್ಥಿನಿ: ನಮಸ್ತೆ ಸರ್. ಕಾರವಾರದಲ್ಲಿ ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಓದುತ್ತಿದ್ದೇನೆ. 4ನೇ ಸೆಮಿಸ್ಟರ್ ರಿಸಲ್ಟ್ ಬಂತು, ಇಲ್ಲಿಯವರೆಗೆ ಸರಾಸರಿ 57% ಇರಬಹುದು. ಅಪ್ಪ ಬೋಟಿಗೆ ಹೋಗುತ್ತಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾವ ಕೈಗಾ ಅಣು ವಿದ್ಯುತ್ ಸ್ಥಾವರದ ಕೆಲಸ ಅನ್ನುತ್ತಾರೆ. ಅಮ್ಮ ಬಿಎಡ್ ಮಾಡು, ಟೀಚರ್ ಆಗು ಅನ್ನುತ್ತಾಳೆ. ಗೆಳತಿಯರೆಲ್ಲ ಬೆಂಗಳೂರಿಗೆ ಹೋಗಿ ಯಾವುದಾದರೂ ಕೋರ್ಸ್ ಸೇರುವ ಅಂತಿದ್ದಾರೆ. ನನಗೆ ಕೋಡಿಬಾಗದ ಪಿಜಿ ಸೆಂಟರ್‌ನಲ್ಲಿ ಮರೈನ್ ಬಯಾಲಜಿ ಮಾಡುವ ಆಸೆ. ಯಾವುದು ಒಳ್ಳೆಯದು?

ಉತ್ತರ: ತಂಗಿ, ಯಾವುದು ಒಳ್ಳೆಯದು ಅಂತ ಕೇಳಿದರೆ ಊರೆಲ್ಲ ಉತ್ತರ ಕೊಡುತ್ತದೆ. ಯಾವುದಕ್ಕೆ ನೀನು ಅರ್ಜಿ ಹಾಕಬಹುದು ಅಂತ ಮೊದಲು ನೋಡು. ನಾಲ್ಕರಲ್ಲಿ ಒಂದೆರಡು ಅಲ್ಲೇ ಉದುರಿ ಹೋಗುತ್ತವೆ.

ಮರೈನ್ ಬಯಾಲಜಿ ಜೀವಶಾಸ್ತ್ರದ ಕಡೆಯ ವಿಷಯ, ನಿನ್ನದು ಪಿಸಿಎಂ. ಆಸೆ ಬೆಳೆಸುವ ಮೊದಲು ಪಿಜಿ ಸೆಂಟರಿಗೇ ಹೋಗಿ ಅರ್ಹತೆ ಏನು ಅಂತ ಕೇಳಿ ಬಾ. ಕಾರವಾರದಲ್ಲೇ ಇದ್ದೀಯ, ಒಂದು ಮಧ್ಯಾಹ್ನದ ಕೆಲಸ.

ಈಗ ಮಾವನ ಕೈಗಾ. ಅಲ್ಲಿ 220 ಮೆಗಾವಾಟಿನ 4 ಘಟಕ ಇವೆ, 700 ಮೆಗಾವಾಟಿನ 5 ಮತ್ತು 6ನೇ ಘಟಕದ ಕೆಲಸವೂ ಶುರುವಾಗಿದೆ. ಹಾಗಾಗಿ ಮಾವ ಹೇಳಿದ್ದು ಸುಳ್ಳಲ್ಲ. ಆದರೆ 'ಕೈಗಾದಲ್ಲಿ ಕೆಲಸ' ಅಂತ ಒಂದು ಹುದ್ದೆ ಇಲ್ಲ ನೋಡು. ಬಿಎಸ್ಸಿ ಮಾಡಿದವರು ಸಾಮಾನ್ಯವಾಗಿ ಹಾಕುವುದು ಕೈಗಾ ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್‌ನ ಸ್ಟೈಪೆಂಡರಿ ಟ್ರೈನಿ, ಅಂದರೆ ಭತ್ಯೆ ಕೊಟ್ಟು ತರಬೇತಿ ಕೊಡುವ ಹುದ್ದೆಗೆ. ಅದಕ್ಕೆ ಡಿಗ್ರಿಯಲ್ಲಿ 60% ಬೇಕು, ವಯಸ್ಸು 18ರಿಂದ 25ರ ಒಳಗೆ. ಮೀಸಲಾತಿಯವರಿಗೆ ವಯಸ್ಸಿನಲ್ಲಿ ಸಡಿಲಿಕೆ ಇದೆ.

ಈ 60ರ ವಿಷಯದಲ್ಲಿ ನನಗೊಂದು ನೋವು ಇದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನೋಟಿಫಿಕೇಶನ್ ಪ್ರಿಂಟ್ ತೆಗೆಸಿಕೊಂಡು ಬಂದ. ವಯಸ್ಸಿನ ಸಾಲಿಗೆ ಹಸಿರು ಪೆನ್ನು, ಸಂಬಳದ ಸಾಲಿಗೆ ಎರಡು ಸಲ ಹಸಿರು ಪೆನ್ನು. ಅಂಕದ ಸಾಲಿಗೆ ಮಾತ್ರ ಗೆರೆಯೇ ಇಲ್ಲ. ಅವನದು 59.4. ರೌಂಡ್ ಮಾಡಿದರೆ ಆಗುವುದಿಲ್ಲವಾ ಸರ್ ಅಂದ. ಆಗುವುದಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಸುಮ್ನೆ ಪಾಸಾದರೆ ಸಾಕು ಅಂತ ಬರೆದಿದ್ದನಂತೆ. ಅದೇ ಅವನನ್ನು ಕೆಡವಿತು.

ನಿನ್ನ ಲೆಕ್ಕ ಹಾಕೋಣ. ಎಲ್ಲ ಸೆಮಿಸ್ಟರಿಗೂ ಒಟ್ಟು ಅಂಕ ಒಂದೇ ಅಂತ ಇಟ್ಟುಕೋ. ಈಗ ಮತ್ತೆ ಮೂರೇ ವರ್ಷದ ಡಿಗ್ರಿ, ಅಂದರೆ 6 ಸೆಮಿಸ್ಟರ್. ಸರಾಸರಿ 60 ಬರಲು 6 ಸಲ 60, ಅಂದರೆ 360. ನಿನ್ನ ಹತ್ತಿರ ಇರುವುದು 4 ಸಲ 57, ಅಂದರೆ 228. ಬಾಕಿ 132. ಉಳಿದ ಎರಡು ಸೆಮಿಸ್ಟರಲ್ಲಿ ತಲಾ 66 ಬೇಕು. ಕಷ್ಟ, ಆದರೆ ಆಗದ ಮಾತಲ್ಲ. ಪ್ರಾಕ್ಟಿಕಲ್ ಮತ್ತು ಇಂಟರ್ನಲ್ ಅಂಕ ಬಿಟ್ಟುಕೊಡದಿದ್ದರೆ ಅರ್ಧ ಭಾರ ಇಳಿಯುತ್ತದೆ.

ಅಮ್ಮನ ಮಾತನ್ನೂ ತಳ್ಳಿಹಾಕಬೇಡ. ಬಿಎಡ್ ಎರಡು ವರ್ಷ. 6ರಿಂದ 8ನೇ ತರಗತಿಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿರಬೇಕು. ಆದರೆ ಮೊದಲು ಪಕ್ಕದ ಮನೆಯ ಎಂಟನೇ ಕ್ಲಾಸಿನ ಮಗುವಿಗೆ ಒಂದು ತಿಂಗಳು ಬೀಜಗಣಿತ ಹೇಳಿಕೊಡು. ಹತ್ತನೇ ದಿನಕ್ಕೇ ನಿನಗೆ ಗೊತ್ತಾಗುತ್ತದೆ.

ಬೆಂಗಳೂರಿನ ಕೋರ್ಸ್ ಬಗ್ಗೆ ಒಂದೇ ಮಾತು. ಕೋರ್ಸಿನ ಹೆಸರೇ ಗೊತ್ತಿಲ್ಲದೆ ಪಿಜಿ (ಪೇಯಿಂಗ್ ಗೆಸ್ಟ್) ರೂಮಿಗೆ ಅಡ್ವಾನ್ಸ್ ಕೊಡಬೇಡ.

ಒಬ್ಬ ಸದಸ್ಯರು: ಸರ್, ಎಲ್ಲರನ್ನೂ ಊರಲ್ಲೇ ಕಟ್ಟಿಹಾಕಬೇಡಿ. ನಾನು ಭಟ್ಕಳದವನು, ಬೆಂಗಳೂರಿಗೆ ಬಂದಿದ್ದಕ್ಕೇ ಬದುಕು ಕಂಡೆ.

ಉತ್ತರ: ಒಪ್ಪಿದೆ ಮಾರಾಯ್ರೆ. ನನ್ನ ಮಗನೂ ಅಲ್ಲೇ ಇದ್ದಾನೆ. ಹೋಗಬೇಡ ಅನ್ನಲಿಲ್ಲ, ಹೋಗುವ ಕೆಲಸ ಯಾವುದು ಅಂತ ಗೊತ್ತಿರಲಿ ಅಂದೆ. ನೀವು ಬರುವಾಗ ಏನು ಕಲಿತುಕೊಂಡು ಬಂದಿರಿ ಅಂತ ಇಲ್ಲೇ ಬರೆದರೆ ಹುಡುಗರಿಗೆ ನನ್ನ ಮಾತಿಗಿಂತ ಜಾಸ್ತಿ ಉಪಯೋಗ.

ಶಿರಸಿಯ ವಿದ್ಯಾರ್ಥಿ: ನಾನು ಬಿಕಾಂ ಕೊನೆಯ ವರ್ಷ. ಎರಡು ಎಕರೆ ಅಡಿಕೆ ತೋಟ ಇದೆ. ಇಂಗ್ಲಿಷ್ ಬರುವುದಿಲ್ಲ, ಇಂಟರ್‌ವ್ಯೂ ಅಂದರೆ ಬೆವರುತ್ತೇನೆ. ತೋಟವೇ ಗತಿಯಾ?

ಉತ್ತರ: ತೋಟವನ್ನು ಗತಿ ಅನ್ನಬೇಡ ತಮಾ, ಅಪ್ಪನಿಗೆ ಬೇಜಾರಾದೀತು.

ನಿನ್ನಂಥವನೇ ಒಬ್ಬನಿಗೆ ಅಣಕು ಇಂಟರ್‌ವ್ಯೂ ಮಾಡಿದ್ದೆ. ನಿನ್ನ ಬಗ್ಗೆ ಹೇಳು ಅಂತ ಇಂಗ್ಲಿಷಲ್ಲಿ ಕೇಳಿದೆ. ಹೆಸರು ಹೇಳಿ ನಿಂತ. ಆಮೇಲೆ ಕನ್ನಡದಲ್ಲಿ, ಈ ವರ್ಷ ಅಡಿಕೆಯನ್ನು ಹಾಗೇ ಒಣಗಿಸಿ ಚಾಲಿ ಮಾಡಿದಿರಾ, ಬೇಯಿಸಿ ರಾಶಿ ಮಾಡಿದಿರಾ ಅಂದೆ. ಹುಡುಗ ನೆಟ್ಟಗೆ ಕೂತ. ಬೇಯಿಸುವ ಖರ್ಚು, ಆಳಿನ ಕೂಲಿ, ಕಡಿಮೆ ದರದ ಬಿಳೆಗೋಟು ಎಷ್ಟು ಬಂತು, ದರ ಬರುವವರೆಗೆ ಚಾಲಿ ಇಟ್ಟುಕೊಂಡರೆ ಸೊಸೈಟಿ ಸಾಲದ ಬಡ್ಡಿ ಎಷ್ಟು ತಿನ್ನುತ್ತದೆ, ಎಲ್ಲ ಬಾಯಲ್ಲೇ ಲೆಕ್ಕ. ಇದೇ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ, ಅಲ್ವಾ? ಅದನ್ನೇ ಹತ್ತು ಸಾಲು ಸರಳ ಇಂಗ್ಲಿಷಲ್ಲಿ ಬರೆದು ತಂದ, ತಿದ್ದಿ ಕೊಟ್ಟೆ. ಮುಂದಿನ ಇಂಟರ್‌ವ್ಯೂನಲ್ಲಿ ಅಷ್ಟನ್ನು ಹೇಳಿದ. ನೀನೂ ಹಾಗೇ ಶುರು ಮಾಡು.

ದಾರಿ ಎರಡು ಹೇಳುತ್ತೇನೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಸೆ ಇದ್ದರೆ, ಬಿಕಾಂನಲ್ಲಿ 55% ಇದ್ದವರು ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಸಿಎ ಒಬ್ಬರ ಕೈಕೆಳಗೆ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಈಗ ಎರಡೇ ವರ್ಷ. ಬೇಗ ಸಂಬಳ ಬೇಕು ಅಂದರೆ ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ನೋಡು. ಯಾವ ಡಿಗ್ರಿಯಾದರೂ ಸರಿ, ವಯಸ್ಸು 18ರಿಂದ 28, ಕನ್ನಡ ಗೊತ್ತಿರಬೇಕು, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. 2025ರ ಮೇ 1ರಿಂದ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಾಗಾಗಿ ಪೋಸ್ಟಿಂಗ್ ಬಳ್ಳಾರಿ ಕಡೆ ಬಂದರೆ ಗೊಣಗಬಾರದು.

ಅಲ್ಲಿಯವರೆಗೆ ಊರಿನ ಯಾವುದಾದರೂ ಆಡಿಟರ್ ಆಫೀಸಿನಲ್ಲಿ ರಜೆಗೆ ಕೂರು. ಒಣ ಅಡಿಕೆಗೆ 5% ಜಿಎಸ್‌ಟಿ ಅಂತ ಪುಸ್ತಕದಲ್ಲಿ ಓದುವುದು ಬೇರೆ, ಮಂಡಿಯವರ ಬಿಲ್ ಹಿಡಿದು ರಿಟರ್ನ್ ತುಂಬುವುದು ಬೇರೆ.

ಹೊನ್ನಾವರದ ತಾಯಿಯೊಬ್ಬರು: ನನ್ನ ಮಗ ಪಿಯುಸಿ ಮುಗಿಸಿದ್ದಾನೆ. ಹಡಗಿನ ಕೆಲಸ ಕೊಡಿಸುತ್ತೇನೆ ಅಂತ ಒಬ್ಬರು 4 ಲಕ್ಷ ಕೇಳುತ್ತಿದ್ದಾರೆ. ಬಂಗಾರ ಅಡ ಇಡಲಾ ಅಂತ ಯೋಚನೆ.

ಉತ್ತರ: ಅಕ್ಕಾ, ಇವತ್ತು ಇಡಬೇಡಿ. ಮರ್ಚೆಂಟ್ ನೇವಿ ಒಳ್ಳೆಯ ಕೆಲಸವೇ. ಆದರೆ ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿ ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ ಡಿಜಿ ಶಿಪ್ಪಿಂಗ್‌ನಿಂದ ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಲೈಸೆನ್ಸ್ ಪಡೆದಿರಬೇಕು, ಕೆಲಸ ಕೊಡಿಸಲು ಹುಡುಗನಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಟ್ರೈನಿಂಗ್ ಫೀಸು ಬೇರೆ, ಅದನ್ನು ಮಾನ್ಯತೆ ಇರುವ ಸಂಸ್ಥೆಗೆ ರಸೀದಿ ಪಡೆದು ಕಟ್ಟುವುದು. ಸಂಸ್ಥೆ ಯಾವುದು, ಲೈಸೆನ್ಸ್ ನಂಬರ್ ಏನು ಅಂತ ಆ ಮನುಷ್ಯನಿಗೆ ಬರೆದು ಕೊಡಲು ಹೇಳಿ. ಮಗನ ಕೈಯಲ್ಲಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ತಾಳೆ ನೋಡಿಸಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಬಾಗಿಲು ತೋರಿಸಿ.

ಇನ್ನೊಬ್ಬರು: ಯುವನಿಧಿ ಎಷ್ಟು ಸರ್?

ಉತ್ತರ: ಪಾಸಾಗಿ 180 ದಿನ ಕೆಲಸ ಸಿಗದೆ ಇದ್ದರೆ ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಇಲ್ಲ.

ಅಂಕೋಲಾದ ವಿದ್ಯಾರ್ಥಿನಿ: ಸರ್, ಮಾರ್ಕ್ಸ್ ಕಾರ್ಡ್ ಎಲ್ಲ ತೆಗೆದು ಕೂಡಿಸಿದೆ. 57 ಅಲ್ಲ, 56.4. ಹಾಗಾದರೆ ತಲಾ 67.2 ಬೇಕು.

ಉತ್ತರ: ಸರಿಯಾಗಿದೆ. ಫಿಸಿಕ್ಸ್ ರೆಕಾರ್ಡ್ ಬರೆದಾಯಿತಾ?

ಅಂಕೋಲಾದ ವಿದ್ಯಾರ್ಥಿನಿ: ಎರಡು ಎಕ್ಸ್‌ಪರಿಮೆಂಟ್ ಬಾಕಿ ಇದೆ ಸರ್.