ಹುಡುಗನ ಮುಂದೆ ಎರಡು ಪುಸ್ತಕ ಇಟ್ಟು ಒಂದನ್ನು ಆರಿಸು ಎನ್ನಬೇಡ

ಎಲ್ಲರಿಗೂ ವಂದನೆಗಳು. ಮಗಳೇ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಬರೆದದ್ದನ್ನು ರಾತ್ರಿಯೇ ಓದಿದೆ. ಚರ್ಚಿನಲ್ಲಿ ಮಕ್ಕಳು ಬೆಳೆದ ಮೇಲೆ ತಮ್ಮ ವಿಶ್ವಾಸವನ್ನು ಸಭೆಯ ಎದುರು ತಾವೇ ಒಪ್ಪಿಕೊಳ್ಳುವ ದೃಢೀಕರಣದ ತರಗತಿಯಲ್ಲಿ ಲೋಕ ಹುಟ್ಟಿ ಆರು ಸಾವಿರ ವರ್ಷವಾಯಿತು ಎಂದು ಪಾಠ ಹೇಳಿದರಂತೆ. ನಿನ್ನ ಮಗ ಎದ್ದು ನಿಂತು, ವಿಶ್ವಕ್ಕೆ 1380 ಕೋಟಿ ವರ್ಷ ಎಂದು ಕಾಲೇಜಿನಲ್ಲಿ ಕಲಿತಿದ್ದೇನೆ ಎಂದನಂತೆ. ಹಾಗೆ ನಂಬುವವರು ದೃಢೀಕರಣಕ್ಕೆ ನಿಲ್ಲಬಾರದು ಎಂಬ ಉತ್ತರ ಬಂದ ಮೇಲೆ ಅವನು ‘ಹಾಗಾದರೆ ನನಗೆ ಬೇಡ’ ಎಂದು ಮನೆಗೆ ಬಂದುಬಿಟ್ಟನಂತೆ. ಹೇಗಾದರೂ ಮಾಡಿ ಅವನನ್ನು ಒಪ್ಪಿಸಿ ಕಳಿಸಲೇ ಎಂದು ಕೇಳಿದ್ದೀ. ಬೇಡ, ಮಗಳೇ. ಅವನ ಮುಂದೆ ಎರಡು ಪುಸ್ತಕ ಇಟ್ಟು ಒಂದನ್ನು ಆರಿಸು ಎಂದು ಮಾತ್ರ ಹೇಳಬೇಡ.

ಬೆಟಗೇರಿಯ ನನ್ನ ತಮ್ಮನ ವಿಷಯ ನಿಮಗೆಲ್ಲರಿಗೂ ಗೊತ್ತು, ಆದರೆ ಅವನು ಚರ್ಚು ಬಿಟ್ಟದ್ದು ಹೇಗೆ ಎಂಬುದು ಕಿರಿಯರಿಗೆ ಗೊತ್ತಿರಲಾರದು. ಅವನು ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದ. ರಜೆಗೆ ಬರುವಾಗ ಕಪ್ಪತಗುಡ್ಡದ ಒಂದು ಕಲ್ಲನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದು ಅಪ್ಪನ ಮೇಜಿನ ಮೇಲೆ ಇಟ್ಟಿದ್ದ. ಅದರ ಮೈಮೇಲೆ ಕೆಂಪು ಗೆರೆ, ಕಪ್ಪು ಗೆರೆ, ಮತ್ತೆ ಕೆಂಪು ಗೆರೆ. ಕೈಗೆತ್ತಿಕೊಂಡರೆ ನೋಡಿದ್ದಕ್ಕಿಂತ ಹೆಚ್ಚು ಭಾರ, ಏಕೆಂದರೆ ಆ ಗೆರೆಗಳಲ್ಲಿ ಇರುವುದು ಕಬ್ಬಿಣ. ಇದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು, ಇದಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ನಮ್ಮ ಧಾರವಾಡದ ಹೆಸರಿನಿಂದಲೇ ಈ ಶಿಲೆಗಳನ್ನು ಲೋಕವೆಲ್ಲ ಕರೆಯುತ್ತದೆ ಎಂದು ಅವನು ಹೇಳುತ್ತಿದ್ದರೆ ಅಪ್ಪ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ‘ದೇವರಿಗೆ ಏನು ಅವಸರ’ ಎಂದಿದ್ದರು. ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು ಅದು.

ಅದೇ ವಾರ ಉಜ್ಜೀವನ ಕೂಟಕ್ಕೆ ಹೊರಊರಿನಿಂದ ಒಬ್ಬ ಪ್ರಸಂಗಿಗಳು ಬಂದರು. ಕಲ್ಲಿನ ಸುದ್ದಿಯನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಸಭೆಯ ಎದುರಿಗೆ ತಮ್ಮನನ್ನು ಕರೆದು, ಅವನ ಪಠ್ಯಪುಸ್ತಕವನ್ನು ತರಿಸಿ, ಮೇಜಿನ ಒಂದು ಬದಿಗೆ ಅದನ್ನೂ ಇನ್ನೊಂದು ಬದಿಗೆ ಸತ್ಯವೇದವನ್ನೂ (ಬೈಬಲ್) ಇಟ್ಟು, ಯಾವುದಾದರೂ ಒಂದನ್ನು ತೆಗೆದುಕೊಂಡು ಮನೆಗೆ ಹೋಗು ಎಂದರು. ನಾನು ಹೆಂಗಸರ ಸಾಲಿನಲ್ಲಿ ಅಮ್ಮನ ಪಕ್ಕದಲ್ಲಿದ್ದೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಪಠ್ಯಪುಸ್ತಕವನ್ನು ತೆಗೆದುಕೊಂಡು ಹೊರಗೆ ಹೋದ. ಸುಳ್ಳು ಹೇಳಲು ಬಾರದ ಹುಡುಗ. ಕೈಯಾರೆ ಮುಟ್ಟಿ ನೋಡಿದ ಕಲ್ಲನ್ನು ಇಲ್ಲವೆನ್ನಲು ಅವನಿಂದ ಆಗಲಿಲ್ಲ. ಗಾಯನ ವೃಂದದಲ್ಲಿ ಅವನ ಜಾಗ ಖಾಲಿಯಾಯಿತು, ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು, ಮಕ್ಕಳಿಗೆ ದೀಕ್ಷಾಸ್ನಾನವೂ ಆಗಲಿಲ್ಲ. ಅವನು ಲೋಕದ ಕಡೆಗೆ ಜಾರಿದ ಎಂದು ಸಭೆಯವರು ಆಡಿಕೊಂಡರು. ಜಾರಲಿಲ್ಲ, ತಳ್ಳಿದರು.

ಆ ಆರು ಸಾವಿರ ಎಂಬ ಲೆಕ್ಕ ಸತ್ಯವೇದದ ಯಾವ ವಚನದಲ್ಲಿಯೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳನ್ನು ಕೂಡಿಸಿ, ಅರಸರ ಕಾಲವನ್ನು ಹೊಂದಿಸಿ, ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದರು. ಅವರು ದೊಡ್ಡ ವಿದ್ವಾಂಸರು, ಅವರ ಕಾಲಕ್ಕೆ ಸಿಕ್ಕ ಆಧಾರಗಳಲ್ಲಿ ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಮುಂದೆ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಆ ಇಸವಿಯನ್ನು ಅಚ್ಚು ಹಾಕಿದ್ದರಿಂದ ಅಂಚಿನ ಟಿಪ್ಪಣಿಯೂ ದೇವರ ವಾಕ್ಯವೇ ಎಂದು ಜನ ತಿಳಿದರು. ಅದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ, ಐದನೆಯ ಶತಮಾನದ ಆರಂಭದಲ್ಲಿ, ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನರು ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಹೇಳಿರುವ ಸೃಷ್ಟಿಯ ದಿನಗಳು ನಾವು ಎಣಿಸುವ ದಿನಗಳಂಥವಲ್ಲ ಎಂದು ಬರೆದಿದ್ದರು. ನೀವೇ ತೆರೆದು ನೋಡಿ: ಸೂರ್ಯ ಉಂಟಾಗುವುದು ನಾಲ್ಕನೆಯ ದಿನ, ಅದಕ್ಕೂ ಮುಂಚಿನ ಮೂರು ಸಾಯಂಕಾಲ, ಮೂರು ಪ್ರಾತಃಕಾಲ ಯಾವ ಸೂರ್ಯನಿಂದ ಆದವು? ಆಕಾಶ ಭೂಮಿಗಳ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತಾಡಿ ಅದಕ್ಕೆ ಪವಿತ್ರ ಗ್ರಂಥದ ಹೆಸರು ಹೇಳಿದರೆ, ವಿಷಯ ಬಲ್ಲ ಅನ್ಯರು ಪುನರುತ್ಥಾನದ ಮಾತನ್ನು ಹೇಗೆ ನಂಬುತ್ತಾರೆ ಎಂದು ಅವರು ನೊಂದು ಕೇಳಿದ್ದಾರೆ. ಆ ಪ್ರಶ್ನೆ ನಮ್ಮ ಮನೆಯಲ್ಲಿಯೇ ನಿಜವಾಯಿತು.

ಇನ್ನೊಂದು ಮಾತು, ಇದು ಮೈಸೂರಿನ ಭಾವನವರಿಗೆ. ವಿಶ್ವದ ಆರಂಭದ ಬಗ್ಗೆ ವಿಜ್ಞಾನ ಹೇಳುವ ಮಹಾಸ್ಫೋಟವೇ ಆದಿಕಾಂಡಕ್ಕೆ ಸಾಕ್ಷಿ ಎಂಬ ವಿಡಿಯೋವನ್ನು ನೀವು ಪ್ರೀತಿಯಿಂದ ಕಳಿಸಿದ್ದೀರಿ, ಆದರೆ ಅದನ್ನೂ ಹುಡುಗನಿಗೆ ತೋರಿಸಬೇಡಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದು, 1931ರಲ್ಲಿ ಎಲ್ಲವೂ ಒಂದು ಆದಿ ಅಣುವಿನಿಂದ ಹೊರಟಿತು ಎಂದು ಹೇಳಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿಗಳು. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಈ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಭಾಷಣ ಮಾಡಿದಾಗ ಲೆಮೈತ್ರ್ ಅವರಿಗೇ ಅದು ಸರಿಬರಲಿಲ್ಲ. ಲೆಕ್ಕ ನಾಳೆ ಬದಲಾದರೆ ವಿಶ್ವಾಸವೂ ಬದಲಾಗಬೇಕೇ? ವಿಜ್ಞಾನ ತನ್ನ ದಾರಿಯಲ್ಲಿ ನಡೆಯಲಿ, ಪ್ರಾರ್ಥನೆ ತನ್ನ ದಾರಿಯಲ್ಲಿ ನಡೆಯಲಿ ಎಂದು ಬಾಳಿದವರು ಅವರು; ಕೊನೆಯವರೆಗೂ ಪಾದ್ರಿಯಾಗಿಯೇ ಇದ್ದರು.

ಮಗಳೇ, ಮತ್ತೊಮ್ಮೆ ಹೇಳುತ್ತೇನೆ: ಅವನ ಮುಂದೆ ಎರಡು ಪುಸ್ತಕ ಇಟ್ಟು ಒಂದನ್ನು ಆರಿಸು ಎನ್ನಬೇಡ. ಅವನು ಆರಿಸಿಬಿಟ್ಟಾನು.

ನನಗೆ ಸಂಕಟವಾಗುವುದು ಸಂಡೇ ಸ್ಕೂಲಿನ ಈಗಿನ ಸ್ಥಿತಿಯನ್ನು ನೋಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಭಾನುವಾರ ಆದಿಕಾಂಡವನ್ನೂ ಹೇಳಿಕೊಟ್ಟವಳು. ಯುರೇನಿಯಂ ತನ್ನಷ್ಟಕ್ಕೆ ಸೀಸವಾಗುತ್ತದೆ, ಯುರೇನಿಯಂ 238 ಎಂಬ ಬಗೆಯಲ್ಲಿ ಅರ್ಧ ಭಾಗ ಹೀಗೆ ಬದಲಾಗಲು 447 ಕೋಟಿ ವರ್ಷ ಬೇಕು, ಕಲ್ಲಿನೊಳಗಿನ ಜಿರ್ಕಾನ್ ಎಂಬ ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಂಡು ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ, ಆದ್ದರಿಂದ ಈಗ ಒಳಗೆ ಸಿಗುವ ಸೀಸವನ್ನು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ ಎಂದು ಸೋಮವಾರ ಹೇಳುವಾಗ ಭಾನುವಾರದ ಪಾಠ ನನಗೆಂದೂ ಅಡ್ಡ ಬರಲಿಲ್ಲ. ಈಗ ಅಮೆರಿಕದ ಯಾವುದೋ ಪಂಗಡದ ವಿಡಿಯೋಗಳಿಗೆ ಕನ್ನಡದ ಧ್ವನಿ ಸೇರಿಸಿ ಪರದೆಯ ಮೇಲೆ ತೋರಿಸುತ್ತಾರೆ. ನಿವೃತ್ತರಾದ ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರು ನಮ್ಮ ಸಭೆಯಲ್ಲಿಯೇ ಇದ್ದಾರೆ, ಪ್ರತಿ ಭಾನುವಾರ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುತ್ತಾರೆ. ಅವರಿಂದ ಮಕ್ಕಳಿಗೆ ಒಂದು ಗಂಟೆ ಮಾತಾಡಿಸಿ ಎಂದು ಕಮಿಟಿಗೆ ಕೇಳಿಕೊಂಡೆ. ಮಕ್ಕಳಿಗೆ ಗೊಂದಲವಾಗುತ್ತದೆ ಎಂದರು. ವಯಸ್ಸಾದವರ ಮಾತಿಗೆ ಬೆಲೆಯಿಲ್ಲದಿದ್ದರೆ ಹೋಗಲಿ, ಮಕ್ಕಳು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಹೋಗುತ್ತಿರುವುದಾದರೂ ಅವರಿಗೆ ಕಾಣಬಾರದೇ?

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ದೃಢೀಕರಣದ ಆರಾಧನೆಯ ಕ್ರಮದಲ್ಲಿ ಭೂಮಿಯ ವಯಸ್ಸಿನ ಪ್ರಶ್ನೆಯೇ ಇಲ್ಲ. ಅಲ್ಲಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ತಂದೆಯಾದ ದೇವರು ಭೂಮ್ಯಾಕಾಶಗಳನ್ನು ಉಂಟುಮಾಡಿದನು ಎಂದಿದೆ, ಯಾವ ಇಸವಿಯಲ್ಲಿ ಎಂದಿಲ್ಲ. ಆ ಆರಾಧನೆಯ ಕ್ರಮದ ಪುಸ್ತಕವನ್ನು ಸಭಾಪಾಲಕರಿಂದ ಕೇಳಿ ತಂದು, ಮಗನ ಜೊತೆಯಲ್ಲಿ ಕೂತು ಅದರಲ್ಲಿರುವ ಒಂದೊಂದು ಪ್ರಶ್ನೆಯನ್ನೂ ಓದು. ಇವುಗಳಿಗೆ ಮನಃಪೂರ್ವಕವಾಗಿ ಹೌದು ಎನ್ನಬಲ್ಲೆಯಾ ಎಂದು ಅಷ್ಟನ್ನೇ ಕೇಳು. ಅವನಿಗೆ ಇನ್ನೂ ಮನಸ್ಸು ಬಾರದಿದ್ದರೆ ಮುಂದಿನ ವರ್ಷ ನಿಲ್ಲಲಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಬೆಂಗಳೂರಿನಲ್ಲಿಯೇ ಇದ್ದೀರಿ, ಬಿಡುವಾದಾಗ ಅವನನ್ನು ಕರೆದುಕೊಂಡು ಲಾಲ್‌ಬಾಗಿನ ಬಂಡೆ ಹತ್ತು. ಅದಕ್ಕೆ ಸುಮಾರು 300 ಕೋಟಿ ವರ್ಷ, ಭೂವೈಜ್ಞಾನಿಕ ಸರ್ವೇಕ್ಷಣೆಯವರ ಫಲಕವೂ ಅಲ್ಲಿದೆ. ಹತ್ತಿ ಕೂತ ಮೇಲೆ ಸಾವಿರ ವರ್ಷವೂ ದೇವರಿಗೆ ಕಳೆದುಹೋದ ಒಂದು ದಿನದಂತೆ ಎನ್ನುವ 90ನೆಯ ಕೀರ್ತನೆಯನ್ನು ಅವನಿಂದಲೇ ಓದಿಸು. ತರಗತಿಯ ಬೋಧಕರೊಂದಿಗೆ ನೀನು ವಾದಕ್ಕೆ ಇಳಿಯಬೇಡ. ಈ ಭಾನುವಾರ ಆರಾಧನೆ ಮುಗಿದ ಮೇಲೆ ನೇರವಾಗಿ ಸಭಾಪಾಲಕರನ್ನೇ ಕಂಡು ಮಾತಾಡು, ದೃಢೀಕರಣಕ್ಕೆ ನಿಲ್ಲುವವರ ಹೆಸರುಗಳ ಪಟ್ಟಿ ಬಿಷಪರ ಕಚೇರಿಗೆ ಹೋಗುವ ಮೊದಲೇ ಮಾತಾಡು.